ಕೆಸರಿನ ಕಂಬ

ಕೆರೆಯ ಕೆಸರು ತುಂಬಿ ಕಿಟಕಿಯ ಬೆಳಕಿಗೆ ಇಟ್ಟ ಎತ್ತರದ ಗಾಜಿನ ಪಾತ್ರೆಗೆ ವಿನೊಗ್ರಾಡ್‌ಸ್ಕಿ ಕಂಬ ಎಂದು ಹೆಸರು. ಬಿಎಸ್ಸಿ ಸೂಕ್ಷ್ಮಜೀವಶಾಸ್ತ್ರದ ಪ್ರಾಕ್ಟಿಕಲ್‌ಗಳಲ್ಲಿ ಇಷ್ಟು ಅಗ್ಗದ, ಇಷ್ಟು ಚೆಲುವಾದ ಪ್ರಯೋಗ ಬೇರೆ ಸಿಗುವುದು ಕಷ್ಟ. ಇದಕ್ಕೆ ಆಟೋಕ್ಲೇವ್ ಬೇಡ, ಇನ್‌ಕ್ಯುಬೇಟರ್ ಬೇಡ. ಒಂದು ಸೆಮಿಸ್ಟರ್ ಕಾಯುವ ತಾಳ್ಮೆ ಮಾತ್ರ ಬೇಕು.

ಕೀವ್‌ನಲ್ಲಿ ಹುಟ್ಟಿದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ (1856–1953) 1880ರ ದಶಕದಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿದ್ದಾಗ ಬೆಗ್ಗಿಯಟೋವಾ ಎಂಬ ಎಳೆಯಾಕಾರದ ಬ್ಯಾಕ್ಟೀರಿಯಾದ ಬೆನ್ನು ಹತ್ತಿದರು. ಅದು ಹೈಡ್ರೋಜನ್ ಸಲ್ಫೈಡಿನಿಂದಲೇ ಶಕ್ತಿ ಪಡೆಯುತ್ತದೆ ಎಂದು ಕಂಡುಕೊಂಡರು. ಅದೇ ದಶಕದಲ್ಲಿ ಬರ್ಲಿನ್‌ನ ರಾಬರ್ಟ್ ಕಾಕ್ ಬಳಗ ಒಂದೊಂದು ಜೀವಿಯನ್ನೂ ಬೇರ್ಪಡಿಸಿ ಅಗರ್ ಮೇಲೆ ಬೆಳೆಸುವ ವಿಧಾನವನ್ನು ಹದಗೊಳಿಸುತ್ತಿತ್ತು. ಪದವಿ ತರಗತಿಗಳು ಹೆಚ್ಚಾಗಿ ಹಿಡಿದದ್ದು ಕಾಕ್ ದಾರಿ. ಅದು ಬೇಕೇ ಬೇಕು. ಆದರೆ ಪೆಟ್ರಿ ತಟ್ಟೆಯನ್ನಷ್ಟೇ ನೋಡಿದ ವಿದ್ಯಾರ್ಥಿಗೆ ಒಂದು ಜೀವಿಯ ಕಸ ಇನ್ನೊಂದರ ಊಟವಾಗುವ ಸಂಗತಿ ಪುಸ್ತಕದ ಮಾತಾಗಿಯೇ ಉಳಿಯುತ್ತದೆ. ಕಂಬ ಅದನ್ನು ಕಣ್ಣಿಗೆ ಕಾಣಿಸುತ್ತದೆ.

ಕಟ್ಟುವ ಕೆಲಸ ಒಂದು ಮಧ್ಯಾಹ್ನದ್ದು. ಕೆರೆಯಂಚಿನಲ್ಲಿ ನೀರಿನಡಿಯ ಕಪ್ಪು ಕೆಸರನ್ನು ತಂದು ಕಲ್ಲು, ಕಡ್ಡಿ, ಬಸವನಹುಳು ತೆಗೆಯಬೇಕು. ಒಂದು ಪಾಲಿಗೆ ಚೂರು ಮಾಡಿದ ಪತ್ರಿಕೆಯ ಕಾಗದ, ಜಿಪ್ಸಂ, ಮೊಟ್ಟೆಚಿಪ್ಪಿನ ಪುಡಿ ಸೇರಿಸಿ ದೋಸೆಹಿಟ್ಟಿನ ಹದಕ್ಕೆ ಕಲಸಬೇಕು. ಕಾಗದದಿಂದ ಸೆಲ್ಯುಲೋಸ್, ಜಿಪ್ಸಂನಿಂದ ಸಲ್ಫೇಟ್, ಚಿಪ್ಪಿನಿಂದ ಕಾರ್ಬನೇಟ್. ಚಿಪ್ಪಿಗೆ ಬದಲಾಗಿ ಸೀಮೆಸುಣ್ಣ ಹಾಕುವವರು ನೋಡಿ ಹಾಕಬೇಕು. ಕರಿಹಲಗೆಗೆ ಬಳಸುವುದರಲ್ಲಿ ಬಹಳಷ್ಟು ಜಿಪ್ಸಂನದೇ. ಈ ಕಲಸಿದ ಪಾಲು ತಳಕ್ಕೆ, ಅದರ ಮೇಲೆ ಬರಿಯ ಕೆಸರು, ಮೇಲೆ ನಾಲ್ಕು ಬೆರಳು ಕೆರೆಯ ನೀರು. ನಡುವೆ ಗಾಳಿಯ ಗುಳ್ಳೆ ಉಳಿಯದಂತೆ ಕೋಲಿನಿಂದ ಮೆಲ್ಲಗೆ ಕುಟ್ಟುವುದರಲ್ಲೇ ಕೈಚಳಕವಿದೆ. ಬಾಯಿಗೆ ಸಡಿಲವಾಗಿ ಪ್ಲಾಸ್ಟಿಕ್ ಹಾಳೆ ಕಟ್ಟಿ, ಬಿಸಿಲು ನೇರವಾಗಿ ಬೀಳದ ಕಿಟಕಿಯಲ್ಲಿಟ್ಟರೆ ಮುಗಿಯಿತು.

ಮೊದಲ ವಾರಗಳಲ್ಲಿ ಹೆಚ್ಚೇನೂ ಕಾಣದು. ಒಳಗೆ ಮಾತ್ರ ಆಮ್ಲಜನಕ ತೀರಿಹೋಗಿ, ಕ್ಲಾಸ್ಟ್ರಿಡಿಯಂ ಜಾತಿಯವು ಕಾಗದವನ್ನು ಒಡೆದು ಸಾವಯವ ಆಮ್ಲಗಳನ್ನು ಬಿಡುತ್ತಿರುತ್ತವೆ. ಡಿಸಲ್ಫೋವಿಬ್ರಿಯೋ ಮೊದಲಾದವು ಆ ಆಮ್ಲಗಳನ್ನು ಉಂಡು, ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡಾಗಿಸುತ್ತವೆ. ಕೆಸರಿನ ಕಬ್ಬಿಣದೊಡನೆ ಅದು ಕೂಡಿದಾಗ ತಳ ಕಪ್ಪಾಗುತ್ತದೆ. ಮುಚ್ಚಳ ಸರಿಸಿದರೆ ಕೊಳೆತ ಮೊಟ್ಟೆಯ ವಾಸನೆ. ಪ್ರಯೋಗ ಸರಿದಾರಿಯಲ್ಲಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ಆಮೇಲೆ ಬಣ್ಣಗಳು ಬರುತ್ತವೆ. ಸಲ್ಫೈಡ್ ಕೆಳಗಿನಿಂದ ಏರುತ್ತದೆ, ಆಮ್ಲಜನಕ ಮೇಲಿನಿಂದ ಇಳಿಯುತ್ತದೆ. ಪ್ರತಿ ಜೀವಿಯೂ ತನಗೆ ಒಗ್ಗುವ ಎತ್ತರದಲ್ಲಿ ನೆಲೆಸುತ್ತದೆ. ಸಲ್ಫೈಡ್ ಹೆಚ್ಚಿರುವಲ್ಲಿ ಹಸಿರು ಗಂಧಕ ಬ್ಯಾಕ್ಟೀರಿಯಾ, ಅದರ ಮೇಲೆ ಕ್ರೊಮೇಷಿಯಂನಂಥ ನೇರಳೆಯವು, ತುದಿಯಲ್ಲಿ ಸಯನೋಬ್ಯಾಕ್ಟೀರಿಯಾ ಮತ್ತು ಪಾಚಿ. ನೇರಳೆ ಪಟ್ಟೆ ಮೊದಲ ಬಾರಿ ಗಾಜಿನ ಮೇಲೆ ಮೂಡಿದ ದಿನ ಇಡೀ ತರಗತಿ ಕಿಟಕಿಯ ಬಳಿ ನೆರೆಯುವುದು ಸಹಜ.

ಆ ಪಟ್ಟೆಯಲ್ಲಿ ದೊಡ್ಡ ಪಾಠವಿದೆ. ಗಿಡಗಳು ದ್ಯುತಿಸಂಶ್ಲೇಷಣೆಗೆ ನೀರನ್ನು ಬಳಸಿದರೆ ಈ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡನ್ನು ಬಳಸುತ್ತವೆ. ಆಮ್ಲಜನಕ ಹೊರಬರುವುದಿಲ್ಲ, ಗಂಧಕ ಉಳಿಯುತ್ತದೆ. ಇವುಗಳನ್ನು ಅಭ್ಯಾಸ ಮಾಡಿದ ಸಿ. ಬಿ. ವ್ಯಾನ್ ನೀಲ್, ಹಾಗಾದರೆ ಗಿಡ ಬಿಡುವ ಆಮ್ಲಜನಕ ನೀರಿನದೇ ಇರಬೇಕು ಎಂದು 1930ರ ದಶಕದ ಮೊದಲಲ್ಲೇ ತರ್ಕಿಸಿದರು. ಕ್ಯಾಲಿಫೋರ್ನಿಯಾದ ಹಾಪ್ಕಿನ್ಸ್ ಮರೈನ್ ಸ್ಟೇಷನ್‌ನಲ್ಲಿ ಅವರು ನಡೆಸಿದ ಬೇಸಿಗೆ ಕೋರ್ಸ್ ಇಂದಿಗೂ ಸೂಕ್ಷ್ಮಜೀವಶಾಸ್ತ್ರ ಬೋಧನೆಯ ಮಾದರಿಯೆನಿಸಿದೆ.

ಉದ್ದನೆಯ ಪಿಪೆಟ್‌ನಿಂದ ನೇರಳೆ ಪದರದ ಒಂದು ಹನಿಯನ್ನು ಸ್ಲೈಡಿಗೆ ತಂದರೆ ಕ್ರೊಮೇಷಿಯಂ ಕೋಶಗಳ ಒಳಗೆ ಗಂಧಕದ ಕಣಗಳು ಹೊಳೆಯುತ್ತವೆ. ಬೆಳಕಿನಿಂದ ಕತ್ತಲೆಗೆ ಈಜಿದ ಕೋಶ ತಟ್ಟನೆ ಹಿಮ್ಮುಖವಾಗುತ್ತದೆ. ವಿಜ್ಞಾನಿ ಎಂಗೆಲ್ಮನ್ 1883ರಲ್ಲಿ ವರ್ಣಿಸಿದ ವರ್ತನೆಯಿದು. ಬಣ್ಣ ಹಾಕಿ ಕೊಂದ ಸ್ಮಿಯರ್‌ಗಳನ್ನೇ ನೋಡಿದ ಕಣ್ಣಿಗೆ ಇದೊಂದು ಹಬ್ಬ.

ಜೊತೆಗೆ ಇನ್ನೆರಡು ಕಂಬಗಳಿರಬೇಕು: ಒಂದು ಕಪ್ಪು ಕಾಗದ ಸುತ್ತಿದ್ದು, ಇನ್ನೊಂದು ಜಿಪ್ಸಂ ಹಾಕದ್ದು. ಬೆಳಕಿಲ್ಲದ್ದರಲ್ಲಿ ತಳ ಕಪ್ಪಾದರೂ ಹಸಿರು, ನೇರಳೆ ಮೂಡುವುದಿಲ್ಲ. ಜಿಪ್ಸಂ ಇಲ್ಲದ್ದರಲ್ಲಿ ಗಂಧಕದ ಪದರಗಳು ಬಡವಾಗಿರುತ್ತವೆ. ವಾರಕ್ಕೊಮ್ಮೆ ಮೂರನ್ನೂ ಅಳತೆಪಟ್ಟಿ ಹಿಡಿದು, ಬಣ್ಣದ ಪೆನ್ಸಿಲಿನಲ್ಲಿ ರೆಕಾರ್ಡ್ ಪುಸ್ತಕದೊಳಗೆ ಬರೆದುಕೊಳ್ಳಬೇಕು. ಮೊಬೈಲ್ ಚಿತ್ರ ಸಾಲದು, ಪದರಗಳ ಅಂಚನ್ನು ಗಮನಿಸುವಂತೆ ಮಾಡುವುದು ಪೆನ್ಸಿಲ್ಲೇ. ಆರಿದಷ್ಟು ನೀರು ತುಂಬುತ್ತಿದ್ದರೆ ಕಂಬ ಮುಂದಿನ ತಂಡಕ್ಕೂ ಉಳಿಯುತ್ತದೆ.