ಶ್ರಾವಣದ ದಾಡಿ

ಜುಲೈ 24, 2025, ಗುರುವಾರ. ಬೆಟಗೇರಿ

ಇವತ್ತು ನಾಗರ ಅಮಾವಾಸ್ಯೆ, ನಾಳೆಯಿಂದ ಶ್ರಾವಣ. ನಿನ್ನೆ ಓಣಿಯ ಕಟಿಂಗ್ ಶಾಪಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಇನ್ನು ತಿಂಗಳಿಡೀ ಕತ್ತರಿ ಮುಟ್ಟದ ಮಂದಿ ಕಡೆಯದೊಂದು ಸಲ ಬೋಳಿಸಿಕೊಳ್ಳಲು ಕಾದು ಕೂತಿದ್ದರು. ನಮ್ಮ ಮನೆಯಲ್ಲಿ ಶ್ರಾವಣ ಹಿಡಿಯುವ ರೂಢಿ ಇಲ್ಲ. ಅಪ್ಪ ಇದ್ದಾಗ ದಿನಾ ಬೆಳಿಗ್ಗೆ ದಾಡಿ ಮಾಡಿಕೊಂಡೇ ಮಗ್ಗಕ್ಕೆ ಕೂಡುತ್ತಿದ್ದರು. ನನಗೂ ಅದೇ ಕಾಯಿದೆ. 2018ರ ಕೊನೆಗೆ ‘ಕೆ.ಜಿ.ಎಫ್.’ ಬಂದು ನನ್ನ ಓರಗೆಯವರೆಲ್ಲ ಯಶ್‌ನ ಹಾಗೆ ದಾಡಿ ಬಿಟ್ಟಾಗಲೂ ನನ್ನ ಗಲ್ಲ ನುಣ್ಣಗೇ ಇತ್ತು.

‘ಈ ಸಲ ನಾನೂ ಶ್ರಾವಣ ಹಿಡೀತೇನಬೇ’ ಅಂದೆ. ಅವ್ವಗೆ ಖುಷಿಯೋ ಖುಷಿ. ನನಗೆ ಬೇಕಾದದ್ದು ದಾಡಿ. ಸುಮ್ಮನೆ ಬಿಡುತ್ತೇನೆ ಅಂದರೆ ಇಲ್ಲಿ ಯಾರು ಕೇಳುತ್ತಾರೆ?

ಆಗಸ್ಟ್ 1, ಶುಕ್ರವಾರ

ಕಡಿತ. ಗದ್ದಕ್ಕಿಂತ ಕುತ್ತಿಗೆಯಲ್ಲೇ ಹೆಚ್ಚು. ಬ್ಲೇಡು ಕೊಯ್ದ ಕೂದಲಿನ ತುದಿ ಚೂಪಾಗಿರುತ್ತದೆ. ಬೆಳೆಯುತ್ತ ಬಾಗಿ ನಮ್ಮ ಚರ್ಮಕ್ಕೇ ಚುಚ್ಚುತ್ತದೆ. ತುಸು ಉದ್ದವಾದರೆ ಮೆತ್ತಗಾಗುತ್ತದಂತೆ. ಅಲ್ಲಿಯವರೆಗೆ ರಾತ್ರಿ ಕೊಬ್ಬರಿ ಎಣ್ಣೆ, ಕಟ್ಟಿಗೆಯ ಹಣಿಗೆ.

ಇನ್ನೊಂದು ತಾಪತ್ರಯ ಯಾರೂ ಹೇಳಿರಲಿಲ್ಲ. ಪಾವರ್‌ಲೂಮಿನ ಮುಂದೆ ನಿಂತರೆ ಹಾರುವ ನೂಲಿನ ಎಳೆಯೆಲ್ಲ ದಾಡಿಗೇ ಬಂದು ಹತ್ತುತ್ತದೆ. ಸಂಜೆ ಕನ್ನಡಿ ನೋಡಿದರೆ ಎಡಕ್ಕೆ ಹಳದಿ, ಬಲಕ್ಕೆ ಹಸಿರು. ಅಂದು ಯಾವ ಬಣ್ಣದ ಸೀರೆ ನೇಯ್ದೆ ಅಂತ ಗದ್ದ ನೋಡಿಯೇ ಹೇಳಬಹುದು. ಹಣಿಗೆಗೆ ಬಾರದ ಎಳೆಗಳನ್ನು ಅವ್ವ ಚಾಳೀಸು ಹಾಕಿಕೊಂಡು ಒಂದೊಂದೇ ಹೆಕ್ಕಿದಳು.

ಆಗಸ್ಟ್ 4, ಸೋಮವಾರ. ಲಕ್ಷ್ಮೇಶ್ವರ

ಸೀರೆ ಅಂಗಡಿಗಳ ಬಾಕಿ ವಸೂಲಿಗೆ ಹೋದವನು ಸೋಮೇಶ್ವರನಿಗೂ ಕೈಮುಗಿದು ಬಂದೆ. ಶ್ರಾವಣ ಸೋಮವಾರ, ಪಾಳಿ ಉದ್ದವಿತ್ತು. ಗಂಡಸರ ಮುಖವೆಲ್ಲ ನನ್ನ ಹಾಗೇ ಅರ್ಧಮರ್ಧ ಕಪ್ಪು. ಗರ್ಭಗುಡಿಯಲ್ಲಿ ನಂದಿಯ ಮೇಲೆ ಶಿವ-ಪಾರ್ವತಿ ಜೋಡಿಯಾಗಿ ಕೂತಿದ್ದಾರೆ. ನನ್ನ ಜೋಡಿ ಮಾತ್ರ ಪಂಚಮಿಗೆಂದು ಮುಂಡರಗಿಗೆ ತವರಿಗೆ ಹೋದವಳು ಇನ್ನೂ ಬಂದಿಲ್ಲ.

ಗುಡಿಯೊಳಗೆ ಯಾರೂ ಏನೂ ಕೇಳಲಿಲ್ಲ. ಹೊರಗೆ ಬಂದೊಡನೆ ಶುರು. ಒಬ್ಬ ಅಂಗಡಿಕಾರರು ದನಿ ತಗ್ಗಿಸಿ, ‘ಮನ್ಯಾಗ ಸೂತಕೇನ್ರಿ?’ ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಗೆಳೆಯನದು ಇನ್ನೊಂದು ಲೆಕ್ಕ: ಹೆಂಡತಿ ತವರಿನಲ್ಲಿ, ಗಂಡನ ಮುಖದ ಮೇಲೆ ದಾಡಿ. ‘ಎಷ್ಟ ತಿಂಗಳಲೇ?’ ಅಂತ ಕೈ ಕುಲುಕಿಯೇ ಬಿಟ್ಟ.

ಆಗಸ್ಟ್ 10, ರವಿವಾರ. ಶಿರಹಟ್ಟಿ

ಅತ್ತಿ ಬಾಗಿಲಲ್ಲೇ ನಿಲ್ಲಿಸಿ ನೋಡಿದಳು. ‘ಫಕೀರ ಆದ್ಯಲ್ಲೋ!’ ಬೇರೆ ಊರಲ್ಲಾದರೆ ಇದು ಬೈಗುಳ. ಇಲ್ಲಿ ಫಕೀರೇಶ್ವರ ಮಠವೇ ಊರಿನ ದೈವ. ಹಿಂದೂ, ಮುಸಲ್ಮಾನ ಇಬ್ಬರೂ ನಡೆದುಕೊಳ್ಳುವ ಗದ್ದುಗೆ ಅದು. ಓಣಿಗೊಬ್ಬ ಫಕ್ಕೀರಪ್ಪ, ಮನೆಗೊಬ್ಬಳು ಫಕ್ಕೀರವ್ವ. ಅತ್ತಿಯ ಸೊಸೆಯೂ ಫಕ್ಕೀರವ್ವನೇ, ಆಕೆಯೇ ಚಹಾ ತಂದುಕೊಟ್ಟಳು. ಮೀಸೆಗೆ ಕೆನೆ ಹತ್ತಿತು. ಮೇಲ್ತುಟಿಯ ಕೂದಲನ್ನು ಅಂಚಿಗೆ ಸರಿಯಾಗಿ ಕತ್ತರಿಸಿಕೊಳ್ಳದಿದ್ದರೆ ಚಹಾದ ಅರ್ಧ ರುಚಿ ಮೀಸೆಗೇ.

ಆಗಸ್ಟ್ 17, ರವಿವಾರ. ಮುಂಡರಗಿ

ಹೆಂಡತಿಯನ್ನು ಕರೆತರಲು ಬಂದೆ. ಮಾವಾರ ಹೊಲದಲ್ಲಿ ಹೆಸರು ಒಕ್ಕುತ್ತಿದ್ದರು. ಕಪ್ಪತಗುಡ್ಡದ ಕಡೆಯಿಂದ ಗಾಳಿ, ಹೊಟ್ಟೆಲ್ಲ ನನ್ನ ಮೇಲೆ. ಅಂಗಿ ಝಾಡಿಸಿದರೆ ಹೋಯಿತು. ದಾಡಿಯೊಳಗೆ ಹೊಕ್ಕಿದ್ದು ಸಾಬೂನು ಹಚ್ಚಿ ತೊಳೆದರೂ ರಾತ್ರಿವರೆಗೆ ಕಡಿಯಿತು. ‘ಅಳಿಯಂದ್ರು ಶ್ರಾವಣ ಭಾಳ ನಿಷ್ಠೀಲೆ ಹಿಡದಾರ’ ಅಂತ ಮಾವ ನೆರೆಯವರಿಗೆಲ್ಲ ಹೇಳಿಕೊಂಡು ತಿರುಗಿದರು. ಇವಳು ಮಾತ್ರ ಮೋತಿ ಆ ಕಡೆ ಈ ಕಡೆ ತಿರುಗಿಸಿ ನೋಡಿ, ‘ಎಡಗಲ್ಲದಾಗ ಬೀಜಾನ ನಾಟಿಲ್ಲಲ್ರೀ’ ಅಂದಳು. ಹೌದು, ಅಲ್ಲೊಂದು ರೂಪಾಯಿ ಅಗಲದ ಬಯಲಿದೆ.

ಆಗಸ್ಟ್ 24, ರವಿವಾರ. ಗದಗ

ನಿನ್ನೆ ಅಮಾವಾಸ್ಯೆಗೆ ಶ್ರಾವಣ ಮುಗಿಯಿತು. ಬೆಳಿಗ್ಗೆ ಕಟಿಂಗ್ ಶಾಪಿನಲ್ಲಿ ಹಡಪದ ಅಪ್ಪಣ್ಣನವರ ಫೋಟೊಕ್ಕೆ ಹೊಸ ಮಾಲೆ, ಕೆಳಗೆ ನೆಲದ ತುಂಬ ಇಡೀ ತಿಂಗಳ ಕೂದಲು. ನನ್ನ ಪಾಳಿ ಬಂತು. ‘ತಗೀಲೇನ್ರಿ?’ ‘ಬ್ಯಾಡ. ಸೆಟ್ ಮಾಡು.’

ಆತ ಗಂಟಲ ಗಂಟಿನ ಮೇಲೆ ಎರಡು ಬೆರಳಿಟ್ಟು ಅಳೆದು, ಅದರ ಕೆಳಗಿನದನ್ನೆಲ್ಲ ಬ್ಲೇಡಿನಿಂದ ಎಳೆದ. ಗಲ್ಲಕ್ಕೆ ಮಶೀನು ಸಣ್ಣ ನಂಬರು, ಗದ್ದಕ್ಕೆ ದೊಡ್ಡದು. ಎಡಗಲ್ಲದ ಬಯಲಿನ ಮೇಲ್ಗಡೆ ಮಾತ್ರ ತುಸು ಉದ್ದ ಬಿಟ್ಟು ಕೆಳಗೆ ಬಾಚಿ ಮುಚ್ಚಿದ. ಆ ಕೈಚಳಕಕ್ಕೆ ಬರೀ ದಾಡಿಗಿಂತ ಹೆಚ್ಚು ರೊಕ್ಕ ಕೊಟ್ಟರೂ ಬೇಜಾರಾಗಲಿಲ್ಲ.

ಮನೆಗೆ ಬಂದರೆ ಅವ್ವ, ‘ಶ್ರಾವಣ ಮುಗೀತಲ್ಲೋ, ಇನ್ನ ಯಾಕ?’ ಅಂದಳು. ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯಿಂದ ಇವಳ ದನಿ: ‘ಬುಧವಾರ ಗಣಪತಿ ಕೂಡ್ರಸೂದೈತಲ್ರಿ ಅತ್ತಿ, ಕಳಸೂತನಕ ಇರ್ಲಿ ಬಿಡ್ರಿ.’ ಅವ್ವ ಒಪ್ಪಿದಳು. ಗಣಪತಿ ಆದ ಮೇಲೆ ದಸರಾ ಇದ್ದೇ ಇದೆ.