ಬಾಪನ ಅಂಗಡಿಯ ಸೀಸ

ಗೋವಾದ ವಾಸ್ಕೋದಲ್ಲಿ, ಖಾರಿವಾಡದ ಜೆಟ್ಟಿಯ ಹತ್ತಿರ ಬಾಪನದ್ದೊಂದು ಸಣ್ಣ ಅಂಗಡಿ. ಹಗ್ಗ, ನೈಲಾನ್ ಬಲೆ, ಗಾಳ, ಸೀಸದ ಗುಂಡು ಇವೇ ವ್ಯಾಪಾರ. ಊರಿಗೆ ಹೋದಾಗ "ಸೀಸದ ಗುಂಡು ಮಾರುತ್ತೇವೆ" ಎಂದರೆ ಕೆಲವರು ಕೋವಿಯ ಗುಂಡು ಎಂದುಕೊಂಡು ನಗುತ್ತಾರೆ. ಅದಕ್ಕೆ ಲೈಸೆನ್ಸ್ ಬೇಕು ಮಾರಾಯ್ರೆ, ನಮ್ಮದು ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡು. ಆದರೆ ಕರಗಿಸುವ ಪಾಠ ಎರಡಕ್ಕೂ ಒಂದೇ. ಕೋವಿಯ ಗುಂಡು ಗಟ್ಟಿಯಾಗಲೆಂದು ಸೀಸಕ್ಕೆ ತವರ, ಆಂಟಿಮನಿ ಬೆರೆಸುತ್ತಾರೆ. ಬಲೆಯ ಗುಂಡು ಮೆದುವಾಗಿರಬೇಕು. ಇಕ್ಕಳದಲ್ಲಿ ಒತ್ತಿದರೆ ಹಗ್ಗವನ್ನು ಕಚ್ಚಿ ಹಿಡಿಯಬೇಕು.

ಅಂಗಡಿಯ ಹಿಂದಿನ ತಗಡಿನ ಮಾಡಿನ ಅಡಿಯಲ್ಲಿ ಬಾಪ ಕಬ್ಬಿಣದ ಬಾಣಲೆಯಲ್ಲಿ ಗುಜರಿ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕರಗಿದ ಕೂಡಲೇ ಮೇಲೆ ಬೂದು ಬಣ್ಣದ ಕೆನೆ ಕಟ್ಟುತ್ತದೆ. ಅದೇ ಕಿಟ್ಟ. ಬಾಪ ಅದನ್ನು ಸೌಟಿನಲ್ಲಿ ತೆಗೆದು ಒಂದು ಡಬ್ಬಿಗೆ ಹಾಕುತ್ತಿದ್ದರು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬಂದ ನನಗೆ ಅದನ್ನು ನೋಡಿ ಹೊಟ್ಟೆ ಉರಿಯಿತು. ಆ ಕೆನೆ ಬರೀ ಕೊಳೆಯಲ್ಲ. ಗಾಳಿ ತಾಗಿ ಆಕ್ಸೈಡ್ ಆದ ಸೀಸವೂ, ಅದರಲ್ಲಿ ಸಿಕ್ಕಿಕೊಂಡ ಒಳ್ಳೆಯ ಸೀಸವೂ ಅದರಲ್ಲಿದೆ. ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದದ್ದು!

ಫ್ಲಕ್ಸ್ ಇರುವುದು ಇದಕ್ಕೇ. ಬಿಸಿ ಸೀಸದ ಮೇಲೆ ಇಂಗಾಲ ಇರುವ ವಸ್ತು ಸುಟ್ಟಾಗ ಅದು ಆಕ್ಸೈಡ್‌ನಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ, ಲೋಹ ಬಾಣಲೆಗೆ ಮರಳುತ್ತದೆ, ಮಣ್ಣು ಮರಳು ಮೇಲೆ ಉಳಿಯುತ್ತದೆ. ಯಾವುದನ್ನು ಹಾಕುವುದು? ನಾನು ಒಂದೊಂದಾಗಿ ಪರೀಕ್ಷೆ ಮಾಡಿದೆ.

ಬಾಪನ ಸ್ನೇಹಿತರು ಹೇಳಿದ್ದು ಹಳೆಯ ಎಂಜಿನ್ ಆಯಿಲ್. ಕಪ್ಪು ಹೊಗೆ, ಬೆಂಕಿ, ನೆರೆಮನೆಯವರ ಬೈಗುಳ. ಕಲಾಯಿಯವರು ಹಾಕುವ ನವಸಾಗರ ಪಾತ್ರೆಗೆ ತವರ ಹಿಡಿಸಲು ಒಳ್ಳೆಯದು; ಇಲ್ಲಿ ಅದರ ಬಿಳಿ ಹೊಗೆ ಗಂಟಲು ಸುಡುತ್ತದೆ, ಬಾಣಲೆಗೆ ತುಕ್ಕು ಹಿಡಿಸುತ್ತದೆ. ಬಿಳಿಗಾರ ಕರಗಿ ಗಾಜಿನಂತಾಗಲು 740 ಡಿಗ್ರಿಗೂ ಹೆಚ್ಚು ಬೇಕು, ಅಷ್ಟು ಬಿಸಿಯಲ್ಲಿ ಸೀಸದ ಆವಿ ಏಳುತ್ತದೆ. ಅದರ ಹರಳಿನ ತೂಕದ ಸುಮಾರು ಅರ್ಧ ನೀರೇ, ಕರಗಿದ ಸೀಸಕ್ಕೆ ನೀರು ಶತ್ರು. ಹಳೆಯ ಬಲೆಯಿಂದ ಬಿಚ್ಚಿದ ಒಂದು ಗುಂಡಿನ ತೂತಿನಲ್ಲಿ ಸಮುದ್ರದ ನೀರು ಉಳಿದಿದ್ದುದು ಗೊತ್ತಾಗದೆ ಹಾಕಿದ್ದೆ. ಸೀಸ ಸಿಡಿದು ಮುಂಗೈ ಮೇಲೆ ಬಿತ್ತು. ಕಲೆ ಇನ್ನೂ ಇದೆ. ಆಮೇಲೆ ಎಲ್ಲವನ್ನೂ ಒಲೆಯ ಪಕ್ಕದಲ್ಲಿ ಒಣಗಿಸಿಯೇ, ಬಾಣಲೆ ತಣ್ಣಗಿರುವಾಗಲೇ ಹಾಕುವುದು.

ಮೇಣದ ಬತ್ತಿಯ ತುಂಡು ಚೆನ್ನಾಗಿ ಕೆಲಸ ಮಾಡಿತು, ಆದರೆ ಭಗ್ ಎಂದು ಹೊತ್ತಿ ಬೇಗ ಮುಗಿಯುತ್ತದೆ. ರಾಳವೂ ಒಳ್ಳೆಯದೇ, ಆದರೆ ಅಂಟು ಸೌಟಿಗೂ ಅಚ್ಚಿಗೂ ಹಿಡಿಯುತ್ತದೆ. ಕೊನೆಗೆ ಗೆದ್ದದ್ದು ಬಡಗಿಯ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಮರದ ಹುಡಿ. ಒಣಗಿದ ಹುಡಿಯನ್ನು ಮೇಲೆ ಹರಡಿ, ಅದು ಕರಿಯಾಗುವವರೆಗೆ ಕಾದು, ನಿಧಾನ ಕಲಕಿದರೆ ಅಡಿಯಲ್ಲಿ ಸೀಸ ಕನ್ನಡಿಯ ಹಾಗೆ ಹೊಳೆಯುತ್ತದೆ. ಒಂದೇ ಮಾತು, ಸತು ಸೇರಿದರೆ ಮರದ ಹುಡಿಯಂಥ ಫ್ಲಕ್ಸ್ ಅದನ್ನು ಬಿಡಿಸುವುದಿಲ್ಲ. ಗಾಡಿಯ ಚಕ್ರಕ್ಕೆ ಹೊಡೆಯುವ ತೂಕಗಳಲ್ಲಿ ಈಗ ಸತುವಿನವೂ ಇವೆ. ಸತು ಕರಗುವುದು 419 ಡಿಗ್ರಿಗೆ, ಸೀಸಕ್ಕಿಂತ ಹಗುರ. ಬಾಣಲೆಯನ್ನು 400 ಡಿಗ್ರಿಯ ಒಳಗೆ ಇಟ್ಟರೆ ಅದು ಕರಗದೆ ತೇಲುತ್ತದೆ, ಎತ್ತಿ ಬಿಸಾಡಬಹುದು. ಇದಕ್ಕೆಂದೇ ಥರ್ಮಾಮೀಟರ್ ತಂದೆ.

ಕಿಟ್ಟ ಅರ್ಧಕ್ಕಿಳಿಯಿತು. "ಮೋನೆ, ನೀನು ಕಲಿತದ್ದು ವ್ಯರ್ಥ ಆಗಲಿಲ್ಲ" ಎಂದರು ಬಾಪ. ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

ಮುಂದಿನ ವರ್ಷ ಅಣ್ಣನ ಎರಡು ವರ್ಷದ ಮಗಳು ಊಟ ಬಿಟ್ಟಳು. ಸದಾ ಹೊಟ್ಟೆನೋವು, ಕಿರಿಕಿರಿ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ. ಡಾಕ್ಟರು ಮನೆಯವರ ಕೆಲಸ ಏನೆಂದು ಕೇಳಿದರು, ಸೀಸದ ಪರೀಕ್ಷೆ ಬರೆದರು. ಡೆಸಿಲೀಟರಿಗೆ 11 ಮೈಕ್ರೋಗ್ರಾಂ ಬಂತು. 5 ದಾಟಿದರೇ ಎಲ್ಲಿಂದ ಬಂತೆಂದು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಸೀಸಕ್ಕೆ ಇಲ್ಲ.

ಬಾಪ ನಂಬಲಿಲ್ಲ. "ನಲವತ್ತು ವರ್ಷ ಕರಗಿಸಿದ್ದೇನೆ, ನನಗೇನಾಗಿದೆ?" ಎಂದರು. ನನಗೆ ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಎಂಜಿನ್ ಆಯಿಲ್ ಹಾಕುತ್ತಿದ್ದಾಗ ಕಿಟ್ಟ ಜಿಡ್ಡು ಮುದ್ದೆಯಾಗಿರುತ್ತಿತ್ತು. ಮರದ ಹುಡಿ ಬಂದ ಮೇಲೆ ಅದು ಒಣ ಬೂದಿ, ಗೋಧಿ ಹಿಟ್ಟಿನಷ್ಟು ನುಣುಪು. ಊದಿದರೆ ಹಾರುತ್ತದೆ. ಅದೇ ಬಾಪನ ಅಂಗಿಯಲ್ಲಿ, ಗಡ್ಡದಲ್ಲಿ, ಉಗುರಿನಲ್ಲಿ ಮನೆಗೆ ಬಂತು. ಮಗು ದಿನಾ ಸಂಜೆ ಓಡಿ ಬಂದು ಏರುತ್ತಿದ್ದದ್ದು ಬಾಪನ ತೊಡೆಗೇ. ಕಿಟ್ಟದ ಡಬ್ಬಿ ಇದ್ದದ್ದು ಮನೆಯ ಜಗಲಿಯಲ್ಲಿ, ಅವಳು ಕೂತು ಆಡುವಲ್ಲಿ. ಬಾಣಲೆಯನ್ನು ಸ್ವಚ್ಛ ಮಾಡಿದ ನಾನು ಆ ಕೊಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಂಡಿರಲಿಲ್ಲ.

ಒಂದು ರಾತ್ರಿ ಉಮ್ಮನ ಎದುರು ಬಾಪನಿಗೆ ಇದನ್ನೇ ಹೇಳಿದೆ. "ತಪ್ಪು ನಿಮ್ಮದಲ್ಲ ಬಾಪ, ಹುಡಿ ತಂದದ್ದು ನಾನು." ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಬಾಣಲೆಯನ್ನು ತಾವೇ ಗುಜರಿಯವನಿಗೆ ಕೊಟ್ಟರು. ಉಮ್ಮ ಜಗಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒಣ ಪೊರಕೆ ಹಿಡಿದರೆ ಧೂಳು ಮತ್ತೆ ಏಳುತ್ತದೆಂದು ಡಾಕ್ಟರು ಹೇಳಿದ್ದರು.

ಈಗ ಗುಂಡುಗಳನ್ನು ತಯಾರಾದದ್ದೇ ತರಿಸುತ್ತೇವೆ. ಲಾಭ ಕಡಿಮೆ. ಮಗುವಿನ ಅಂಕೆ ವರ್ಷದೊಳಗೆ 6ಕ್ಕೆ ಇಳಿಯಿತು. ಊಟ ಮಾಡುತ್ತಾಳೆ, ಜಗಳ ಮಾಡುತ್ತಾಳೆ. ರಕ್ತದಿಂದ ಹೊರಟ ಸೀಸ ಸ್ವಲ್ಪ ಎಲುಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ಅದು ನನಗೆ ಗೊತ್ತು. ಬಾಪನಿಗೆ ಹೇಳಿಲ್ಲ.

ನಮ್ಮವರಲ್ಲಿ ಬಂದರು, ದಕ್ಕೆ, ಗುಜರಿ, ಬ್ಯಾಟರಿ ಕೆಲಸದಲ್ಲಿ ಎಷ್ಟೋ ಮಂದಿ ಇದ್ದಾರೆ. ಯಾವ ಫ್ಲಕ್ಸ್ ಒಳ್ಳೆಯದು ಎಂದು ನನ್ನನ್ನು ಕೇಳಿದರೆ ಮರದ ಹುಡಿ ಎಂದೇ ಹೇಳುತ್ತೇನೆ. ಅದರ ಜೊತೆಗೆ ಇಷ್ಟು: ಕರಗಿಸುವುದು ಮನೆಯಿಂದ ದೂರ, ಬಯಲಲ್ಲಿ. ಬೂದಿ ಮುಚ್ಚಳದ ಡಬ್ಬಿಯಲ್ಲಿ. ಅಂಗಿ ಬದಲಿಸಿ, ಕೈ ಮುಖ ತೊಳೆದು, ಆಮೇಲೆ ಮಗುವನ್ನು ಎತ್ತಿಕೊಳ್ಳಿ.

ಬಾಪ ಈಗಲೂ ಅಂಗಡಿಯಿಂದ ಬಂದ ಕೂಡಲೇ ಹಿತ್ತಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಾರೆ. ಮೊಮ್ಮಗಳು ಟವೆಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ.