ಉದ್ಯಾನದಲ್ಲಿ ಹಳೆ ಕಾರುಗಳ ಓಟ

ಪಿಟ್ಸ್‌ಬರ್ಗ್ ಎಂದೊಡನೆ ಅಮೆರಿಕಕ್ಕೆ ಹೋಗಿಬಂದ ನಮ್ಮವರಿಗೆ ಮೊದಲು ನೆನಪಾಗುವುದು ಊರಾಚೆಯ ಗುಡ್ಡದ ಮೇಲಿನ ವೆಂಕಟೇಶ್ವರ ದೇವಸ್ಥಾನ. 2017ರ ಜುಲೈಯಲ್ಲಿ ಅಕ್ಕನ ಮನೆಗೆ ಹೋದಾಗ ನಾನೂ ಮೊದಲು ನೋಡಿದ್ದು ಅದನ್ನೇ. ಪ್ರಸಾದದ ಪುಳಿಯೋಗರೆ ತಿಂದು ಹಿಂದಿರುಗುವಾಗ ಅಕ್ಕ, "ಭಾನುವಾರ ಎಲ್ಲೂ ಹೊರಡಬೇಡ ಕಣೋ, ಅವತ್ತು ಪುಟ್ಟನ ಹಬ್ಬ" ಎಂದಳು.

ಪುಟ್ಟನಿಗೆ ಆಗ ಹನ್ನೊಂದು ವರ್ಷ. ಆಟಿಸಂ ಇರುವ ಹುಡುಗ. ಮಾತು ತೀರ ಕಡಿಮೆ. ಕುಕ್ಕರ್ ಕೂಗಿದರೂ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದ. ಅಂಥವನ ಹಬ್ಬವೆಂದರೆ ಕಾರ್ ರೇಸ್ ಎಂದು ತಿಳಿದಾಗ ನಾನು ಬೆರಗಾದೆ!

ರೇಸ್ ನಡೆದದ್ದು ಊರ ನಡುವಿನ ಶೆನ್ಲಿ ಪಾರ್ಕಿನಲ್ಲಿ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮೇರಿ ಶೆನ್ಲಿ ಎಂಬಾಕೆ 1889ರಲ್ಲಿ 300 ಎಕರೆ ಜಾಗವನ್ನು ನಗರಕ್ಕೆ ದಾನ ಕೊಟ್ಟಳು. ಉದ್ಯಾನ ಬೆಳೆದದ್ದು ಅದರಿಂದ. ಒಂದು ಮಗ್ಗುಲಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ. ಒಳಗೆ 1893ರ ಫಿಪ್ಸ್ ಗಾಜಿನ ಮನೆ. ಅದನ್ನು ಕಂಡಾಗ ನನಗೆ ನಮ್ಮ ಲಾಲ್‌ಬಾಗ್ ನೆನಪಾಯಿತು.

1983ರಲ್ಲಿ ಆರಂಭವಾದ ಈ ಓಟಕ್ಕೆ 'ಪಿಟ್ಸ್‌ಬರ್ಗ್ ವಿಂಟೇಜ್ ಗ್ರಾಂಡ್ ಪ್ರಿ' ಎಂದು ಹೆಸರು. ಇದಕ್ಕಾಗಿ ಪ್ರತ್ಯೇಕ ಟ್ರ್ಯಾಕ್ ಇಲ್ಲ. ಜನ ದಿನವೂ ಓಡಾಡುವ ಉದ್ಯಾನದ ರಸ್ತೆಗಳನ್ನೇ ಮುಚ್ಚಿ 2.33 ಮೈಲಿಯ, ಎಂದರೆ ಸುಮಾರು ಮೂರೂಮುಕ್ಕಾಲು ಕಿಲೋಮೀಟರಿನ ಸುತ್ತು ಮಾಡಿದ್ದರು. ಅಷ್ಟರಲ್ಲೇ 23 ತಿರುವು! ಪಕ್ಕದಲ್ಲಿ ಕಲ್ಲಿನ ಗೋಡೆ, ಟೆಲಿಫೋನ್ ಕಂಬ. ಅವುಗಳ ಮುಂದೆ ಒಣಹುಲ್ಲಿನ ಕಂತೆಗಳು. ಸರ್ಪೆಂಟೈನ್ ಡ್ರೈವ್ ಎಂಬ ರಸ್ತೆಯಂತೂ ಹೆಸರಿಗೆ ತಕ್ಕಂತೆ ಹಾವಿನ ಹಾಗೆ ಹೊರಳುತ್ತದೆ.

ನೋಡಲು ಟಿಕೆಟ್ ಇರಲಿಲ್ಲ. ನಾವು ಇಳಿಜಾರಿನ ಹುಲ್ಲಿನ ಮೇಲೆ ಚಾಪೆ ಹಾಸಿ, ಡಬ್ಬಿಯ ಚಪಾತಿ ಪಲ್ಯ ಬಿಚ್ಚಿ ಕುಳಿತೆವು. ಪುಟ್ಟನ ಕಿವಿಗೆ ಸದ್ದು ತಡೆಯುವ ದಪ್ಪ ಮುಚ್ಚಳ. ಎಂಜಿ, ಟ್ರಯಂಫ್, ಪೋರ್ಷೆಗಳು ಗುಡುಗುತ್ತ ಹಾದುಹೋದವು. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದುದು ಕಾರನ್ನಲ್ಲ, ಚಕ್ರವನ್ನು.

ಈ ಓಟದಲ್ಲಿ ಗೆಲ್ಲುವುದಕ್ಕಿಂತ ಕಾರನ್ನು ಇಡಿಯಾಗಿ ಮನೆಗೆ ಒಯ್ಯುವುದೇ ದೊಡ್ಡದು. ಪಕ್ಕದ ಕಾರಿಗೆ ತಾಗಿಸುವುದು ದೊಡ್ಡ ತಪ್ಪು. ಬಿಡಿಭಾಗ ಸಿಗದ ಗಾಡಿಗಳು ತಾನೇ? ಹಿಂದೆ ಬಿದ್ದವನಿಗೂ ಜನ ಚಪ್ಪಾಳೆ ತಟ್ಟುತ್ತಿದ್ದರು.

ನಡೆಸುವವರೆಲ್ಲ ಸ್ವಯಂಸೇವಕರು. ಉಳಿದ ಹಣ ಹೋಗುವುದು ಎಲ್ಲಿಗೆ ಗೊತ್ತೇ? ಆಟಿಸಂ ಇರುವವರಿಗೆ, ಬುದ್ಧಿ ಬೆಳವಣಿಗೆ ನಿಧಾನವಾದವರಿಗೆ ನೆರವಾಗುವ ಅಲ್ಲಿನ ಸಂಸ್ಥೆಗಳಿಗೆ. 1983ರಿಂದ ಈಚೆಗೆ ಹೀಗೆ ಕೂಡಿಸಿದ ಮೊತ್ತ ಐವತ್ತು ಲಕ್ಷ ಡಾಲರ್ ದಾಟಿದೆ. 'ಪುಟ್ಟನ ಹಬ್ಬ' ಎಂದು ಅಕ್ಕ ಏಕೆ ಅಂದಳೆಂಬುದು ಆಗ ಹೊಳೆಯಿತು.

ಓಟ ಮುಗಿದ ಮೇಲೆ ಕಾರು ನಿಲ್ಲಿಸಿದ್ದ ಕಡೆ ಹೋದೆವು. ಪುಟ್ಟ ಅಕ್ಕನ ಕೈ ಬಿಡಿಸಿಕೊಂಡು ಒಂದು ಹಸಿರು ಎಂಜಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ತಂತಿ ಕಡ್ಡಿಗಳ ಚಕ್ರ. ಕಡ್ಡಿಯ ಮೇಲೆ ಬೆರಳಿಟ್ಟು ಎಣಿಸತೊಡಗಿದ. ನನಗೆ ಗಾಬರಿ. ಲಕ್ಷಗಟ್ಟಲೆ ಬೆಲೆಯ ಕಾರು! "ಸಾರಿ" ಎನ್ನುತ್ತ ಅವನನ್ನು ಎಬ್ಬಿಸಲು ಹೋದೆ. ಕಾರಿನ ಒಡೆಯ, ಎಪ್ಪತ್ತು ದಾಟಿದ ಅಜ್ಜ, ಬೇಡವೆಂದು ಕೈಸನ್ನೆ ಮಾಡಿದರು. ಜೇಬಿನಿಂದ ಒಂದು ಬಟ್ಟೆ ತೆಗೆದು ಹುಡುಗನ ಕೈಗಿತ್ತರು. ತಾವು ಮಡಚುವ ಕುರ್ಚಿಯಲ್ಲಿ ಕೂತು ನೀರು ಕುಡಿಯತೊಡಗಿದರು.

ಪುಟ್ಟ ಒಂದೊಂದೇ ಕಡ್ಡಿ ಒರೆಸಿದ. ಲೆಕ್ಕ ತಪ್ಪಿದಾಗ ಮತ್ತೆ ಮೊದಲಿನಿಂದ. ನಾನು ವಾಚ್ ನೋಡಿಕೊಂಡೆ. ಅಕ್ಕ ನನ್ನ ಮೊಣಕೈ ಹಿಡಿದಳು.

"ಸುಮ್ನಿರೋ. ಅಂಗಡೀಲಿ, ಬಸ್ಸಲ್ಲಿ, ಸ್ಕೂಲಲ್ಲಿ, ಎಲ್ಲ ಕಡೇನೂ ಇವನಿಗೆ ಬೇಗ ಬೇಗ ಅಂತಾರೆ. ಇಲ್ಲಿ ಯಾರೂ ಅನ್ನಲ್ಲ."

ನಾಲ್ಕನೆಯ ಚಕ್ರ ಮುಗಿಯುವ ಹೊತ್ತಿಗೆ ಸುತ್ತಲಿನ ಕಾರುಗಳೆಲ್ಲ ಟ್ರೈಲರ್ ಏರಿದ್ದವು. ಪುಟ್ಟ ಎದ್ದು ಬಟ್ಟೆಯನ್ನು ನೀಟಾಗಿ ಮಡಿಸಿ ಅಜ್ಜನ ಮೊಣಕಾಲ ಮೇಲಿಟ್ಟ. ಅಜ್ಜ ಎದ್ದು ನಿಂತು, ಹಣೆಗೆ ಕೈಹಚ್ಚಿ ಸಲಾಮು ಹೊಡೆದರು.